ದೂರು ಬೇಕಿದ್ದ ವೈ-ಫೈ ಮರ್ಗಿಯೊನೊ

ಮೊದಲೇ ಹೇಳಿಬಿಡುತ್ತೇನೆ, ನಾನು ಮಾರುವುದು ಊಟ. ವೈ-ಫೈ ಅಲ್ಲ. ಬೆಳಿಗ್ಗೆ ಜಕಾರ್ತಾ ಬಿಟ್ಟು ಸಂಜೆಗೆ ಸುರಬಾಯಾ ಸೇರುವ ಕೆನಾಂಗಾ ಎಕ್ಸ್‌ಪ್ರೆಸ್ಸಿನ ಊಟದ ಬೋಗಿ ನನ್ನ ಉಸ್ತುವಾರಿಯಲ್ಲಿದೆ. ಹನ್ನೊಂದು ವರ್ಷದಿಂದ ಅಲ್ಲಿ ನಾಸಿ ಗೊರೆಂಗ್ ಎಂಬ ಹುರಿದ ಅನ್ನ ಬಿಸಿ ಮಾಡಿ ಬಡಿಸುತ್ತಿದ್ದೇನೆ, ಸಿಹಿ ಚಹಾ ಸುರಿಯುತ್ತಿದ್ದೇನೆ, ಮೇಜು ಒರೆಸುತ್ತಿದ್ದೇನೆ. ಹೀಗಿದ್ದೂ ಹೋದ ವರ್ಷ ಮೂರು ತಿಂಗಳು ನನ್ನ ಮುಂದೆ ಬಂದು ನಿಂತ ಹತ್ತು ಜನರಲ್ಲಿ ಎಂಟು ಜನ ಊಟ ಕೇಳಲಿಲ್ಲ. "ಬು, ವೈ-ಫೈ ಬರ್ತಿದೆಯಾ?" ಎಂದು ಕೇಳಿದರು. ಇಲ್ಲಿ ಹೆಂಗಸರನ್ನು ಬು, ಹಿರಿಯ ಗಂಡಸರನ್ನು ಪಾಕ್, ಕಿರಿಯರನ್ನು ಮಸ್ ಎಂದು ಕರೆಯುವುದು ರೂಢಿ.

ಬರುತ್ತಿದೆ ಎಂದರೆ ಒಂದು ಚಹಾ ತೆಗೆದುಕೊಂಡು ಮೂರು ಗಂಟೆ ಮೇಜು ಹಿಡಿದು ಕೂರುತ್ತಿದ್ದರು. ಬರುತ್ತಿಲ್ಲ ಎಂದರೆ ಚಹಾ ಕೂಡ ತೆಗೆದುಕೊಳ್ಳದೆ ಹೋಗುತ್ತಿದ್ದರು. ಎರಡೂ ರೀತಿಯಲ್ಲಿ ನನಗೇ ನಷ್ಟ. ಇದಕ್ಕೆಲ್ಲ ಕಾರಣ, ಇಡೀ ರೈಲಿಗೆ ಇದ್ದ ಒಂದೇ ಒಂದು ವೈ-ಫೈ ಪೆಟ್ಟಿಗೆಯನ್ನು ಯಾವನೋ ಪುಣ್ಯಾತ್ಮ ತಂದು ನನ್ನ ಊಟದ ಬೋಗಿಯ ಕಪಾಟಿನಲ್ಲಿ, ಅನ್ನ ಬಿಸಿ ಮಾಡುವ ಒಲೆಯ ಪಕ್ಕದಲ್ಲೇ, ಕೂರಿಸಿದ್ದು. ಆ ಪೆಟ್ಟಿಗೆಯ ಜೊತೆಗೇ ಬಂದವನು ಮರ್ಗಿಯೊನೊ.

ಪೆಟ್ಟಿಗೆಯನ್ನು ನೋಡಿಕೊಳ್ಳಲು ಗುತ್ತಿಗೆಯ ಕಂಪನಿಯೊಂದು ಕಳಿಸಿದ ಟೆಕ್ನಿಷಿಯನ್ ಅವನು. ಮೂವತ್ತೆಂಟರ ಆಸುಪಾಸು, ಸಣಕಲು ಮೈ, ಇಸ್ತ್ರಿ ಮಾಡಿದ ಅಂಗಿ. ಊರು ಕುತೋಅರ್ಜೊ. ಅಲ್ಲಿ ಅವನ ಹೆಂಡತಿ ಸ್ರಿಯಾತಿ ಸ್ಟೇಷನ್ನಿನ ಹೊರಗೆ ಕಪ್ಪು ದವೆತ್ ಪಾನಕ ಮಾರುತ್ತಾಳೆ. ನಮ್ಮ ರೈಲು ಅಲ್ಲಿ ಏಳು ನಿಮಿಷ ನಿಲ್ಲುತ್ತದೆ. ಟಿಕೆಟ್ ಇಲ್ಲದವರನ್ನು ಪ್ಲಾಟ್‌ಫಾರ್ಮಿಗೆ ಬಿಡುವುದಿಲ್ಲವಾದ್ದರಿಂದ ಅವಳು ಬೇಲಿಯಾಚೆ ನಿಲ್ಲುತ್ತಿದ್ದಳು, ಇವನು ಈಚೆ. ಹೋಗುವಾಗ ಏಳು ನಿಮಿಷ, ಬರುವಾಗ ಏಳು ನಿಮಿಷ ಅವರದೇ ಸಂಸಾರ. ಮಗಳ ಪರೀಕ್ಷೆಯ ಅಂಕಪಟ್ಟಿಗೆ ಅವನು ಸಹಿ ಹಾಕುತ್ತಿದ್ದದ್ದೂ ಆ ಬೇಲಿಯ ಕಂಬಿಗೆ ಒತ್ತಿ ಹಿಡಿದೇ.

ಮರ್ಗಿಯಷ್ಟು ವಿನಯದ ಮನುಷ್ಯನನ್ನು ನಾನು ಕಂಡಿಲ್ಲ, ಇನ್ನು ಕಾಣುವುದೂ ಬೇಡ. ಕೂತ ಹಿರಿಯರ ಮುಂದೆ ಹಾಯುವಾಗ ಜಾವಾದವರು ಬೆನ್ನು ಬಾಗಿಸಿ, ಬಲಗೈ ಕೆಳಗೆ ಚಾಚಿಕೊಂಡು ನಡೆಯುತ್ತಾರಲ್ಲ, ಇವನು ಹತ್ತು ಬೋಗಿಗಳನ್ನೂ ಹಾಗೇ ದಾಟುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಂಡು ನನ್ನ ಒಲೆಯ ಪಕ್ಕ ಕೂರುತ್ತಿದ್ದ. "ನೇರವಾಗಿ ನಡಿಯೋ ಮಾರಾಯ, ರೈಲು ನಿನ್ನ ಮಾವನ ಮನೆಯಲ್ಲ!" ಎಂದರೆ "ಮಾಫ್ ಮಾಡಿ ಬು" ಎನ್ನುತ್ತಿದ್ದ. ನಾನು ಬಾತಾಕ್ ಹೆಂಗಸು, ಪಕ್ಕದ ದ್ವೀಪದ ತೋಬಾ ಸರೋವರದ ಕಡೆಯವಳು. ನಮ್ಮಲ್ಲಿ ಮೈದುನನಿಗೆ ಉಪ್ಪು ಕೊಡು ಅನ್ನುವುದೂ ಆಚೆ ಬೀದಿಗೆ ಕೇಳಿಸುತ್ತದೆ. ಜಾವಾಕ್ಕೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಗಂಟಲು ಇಳಿದಿಲ್ಲ.

ಇನ್ನು ಆ ವೈ-ಫೈ. ಅದು ಬರುತ್ತಿತ್ತೇ ಎಂದರೆ, ಬರುತ್ತಿತ್ತು. ಫೋನಿನಲ್ಲಿ ರೈಲಿನ ಹೆಸರೂ ಕಾಣುತ್ತಿತ್ತು. ಒತ್ತಿದರೆ ಸ್ವಾಗತ ಎಂದು ಹೂವಿನ ಚಿತ್ರದ ಪುಟ ತೆರೆಯುತ್ತಿತ್ತು. ಫೋನ್ ನಂಬರ್ ಹಾಕಿ, ಆರು ಅಂಕಿಯ ಕೋಡ್ ಮೆಸೇಜಿನಲ್ಲಿ ಬರುತ್ತದೆ, ಅದನ್ನು ತುಂಬಿ ಎನ್ನುತ್ತಿತ್ತು. ಮೆಸೇಜ್ ಬರಬೇಕಾದರೆ ಫೋನಿಗೆ ಸಿಗ್ನಲ್ ಬೇಕು. ಸಿಗ್ನಲ್ ಇದ್ದರೆ ನಿನ್ನ ವೈ-ಫೈ ಯಾರಿಗೆ ಬೇಕು? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ. ಹೇಗೋ ಕೋಡ್ ತುಂಬಿ ಒಳಗೆ ಹೋದವರಿಗೂ ಪುರ್ವೊಕೆರ್ತೊ ದಾಟಿ ಗುಡ್ಡಗಳು, ಸುರಂಗಗಳು ಶುರುವಾದ ಮೇಲೆ ಒಂದು ಉಂಗುರ ಗಿರಗಿರ ತಿರುಗುವುದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ಪೆಟ್ಟಿಗೆಯೂ ಹೊರಗಿನ ಟವರುಗಳಿಂದಲೇ ಸಿಗ್ನಲ್ ಎಳೆದುಕೊಳ್ಳಬೇಕು. ಐನೂರು ಜನಕ್ಕೆ ಒಂದು ಪೆಟ್ಟಿಗೆ, ಛಾವಣಿಯ ಮೇಲೆ ಒಂದು ಆಂಟೆನಾ. ಮದುವೆಮನೆಗೆ ಒಂದೇ ಸೌಟು ಇಟ್ಟ ಹಾಗೆ.

"ಎರಡು ಬೋಗಿಗೊಂದು ಪೆಟ್ಟಿಗೆ, ಛಾವಣಿ ಮೇಲೆ ಇನ್ನೂ ಎರಡು ಆಂಟೆನಾ ಕೊಟ್ರೆ ಸುರಂಗ ಬಿಟ್ಟು ಎಲ್ಲಾ ಕಡೆ ಓಡ್ಸಿ ತೋರಿಸ್ತೀನಿ ಬು," ಎನ್ನುತ್ತಿದ್ದ ಮರ್ಗಿ. ಅವನಿಗೆ ಕೆಲಸ ಗೊತ್ತಿತ್ತು. ಅದರಲ್ಲಿ ಎರಡು ಮಾತಿಲ್ಲ.

"ಮತ್ತೆ ಕೇಳೋಕೇನು ಧಾಡಿ?"

"ಮೂರು ತಿಂಗಳು ಪರೀಕ್ಷೆ ಅಂತ ಹಾಕಿದಾರೆ. ಪ್ರಯಾಣಿಕರು ಏನು ಹೇಳ್ತಾರೆ ಅಂತ ನೋಡಿ ತೀರ್ಮಾನ ಮಾಡ್ತಾರಂತೆ. ದೂರು ಜಾಸ್ತಿ ಬಂದ್ರೆ ಪೆಟ್ಟಿಗೆ ಹೆಚ್ಚಿಸ್ತಾರೆ, ಅದನ್ನ ನೋಡ್ಕೊಳ್ಳೋಕೆ ನನ್ನನ್ನ ಇಲ್ಲೇ ಇಟ್ಕೊಳ್ತಾರೆ. ಎಲ್ಲ ಚೆನ್ನಾಗಿದೆ ಅಂದ್ರೆ ಇದ್ದ ಪೆಟ್ಟಿಗೆನೇ ಸಾಕು, ಅದಕ್ಕೆ ಜೊತೆಗೊಬ್ಬ ಮನುಷ್ಯ ಯಾಕೆ ಅಂತಾರೆ."

"ಆಗ ನೀನು?"

"ಕಾಲಿಮಂತಾನ್. ಸಮುದ್ರ ದಾಟಿ ಹೋಗ್ಬೇಕು. ಕಾಡೊಳಗೆ ಟವರ್ ಹತ್ತೋ ಕೆಲಸ. ಆರು ತಿಂಗಳಿಗೊಂದ್ಸಲ ಮನೆಗೆ ಬರಬಹುದು." ಮತ್ತೆ ಸೇರಿಸಿದ: "ನಮ್ಮನೇಲಿ ಏಣಿ ಹತ್ತಿ ಬಲ್ಬ್ ಹಾಕೋದೂ ಸ್ರಿಯಾತಿನೇ ಬು. ನಂಗೆ ತಲೆ ಸುತ್ತುತ್ತೆ."

ಅಂದರೆ ಲೆಕ್ಕ ಇಷ್ಟೇ: ಜನ ಬೈದರೆ ಮರ್ಗಿಗೆ ಬದುಕು, ಹೊಗಳಿದರೆ ಕಾಡು. ಬೈಯಲು ಕಾರಣವಂತೂ ಬೇಕಾದಷ್ಟಿತ್ತು. ಇವನು ಗೆದ್ದ ಹಾಗೇ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಇವರ ನಡುವೆ ಬದುಕಿದವಳು ನಾನು, ಆದರೂ ಹಾಗೆಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು.

ಮೊದಲ ತಿಂಗಳು ಕಂಪನಿಯವರು ಜನಾಭಿಪ್ರಾಯವನ್ನು ಫೋನಿನಲ್ಲೇ ಕೇಳಿದರು. ವೈ-ಫೈಗೆ ಸೇರಿದ ಮೇಲೆ ಒಂದು ಪುಟ ತೆರೆಯುತ್ತದೆ, ಅದರಲ್ಲಿ ಗುರುತು ಹಾಕಬೇಕು. ಸೇರಲಾಗದವರಿಗೆ ಆ ಪುಟವೇ ತೆರೆಯುವುದಿಲ್ಲ! ಸೇರಿದ ನಾಲ್ಕಾರು ಜನ ಖುಷಿಯಾಗಿ ಚೆನ್ನಾಗಿದೆ ಎಂದು ಒತ್ತಿದರು. ಹಸಿದವರು ಎಷ್ಟು ಮಂದಿ ಎಂದು ಉಂಡು ಕೈತೊಳೆದವರನ್ನು ಕೇಳಿದ ಹಾಗಾಯಿತು. ಇದನ್ನು ಮೇಲಿನವರಿಗೆ ಹೇಳಲು ಮರ್ಗಿಗೆ ಮೂರು ವಾರ ಬೇಕಾಯಿತು. ಹೇಳಿದ್ದೂ ಹೇಗೆ? "ಕಾಗದದ ಫಾರಂ ಆದ್ರೆ ವಯಸ್ಸಾದವರಿಗೂ ಅನುಕೂಲ ಆಗಬಹುದೇನೋ" ಎಂದು. ಅಂತೂ ಕಾಗದ ಬಂತು.

ಫಾರಂನಲ್ಲಿ ನಾಲ್ಕು ಚೌಕ ಇದ್ದವು: ಬಹಳ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟದಾಗಿದೆ. ಕೆಳಗೆ ಎರಡು ಸಾಲು ಖಾಲಿ ಜಾಗ. ಮರ್ಗಿ ಅವನ್ನು ಎದೆಗೆ ಒತ್ತಿಕೊಂಡು, ಬೆನ್ನು ಬಾಗಿಸಿ, ಒಂದೊಂದು ಸೀಟಿನ ಮುಂದೂ ನಿಂತು, ಎರಡೂ ಕೈಯಲ್ಲಿ ಕೊಟ್ಟ. ಸಂಜೆ ಕಟ್ಟು ತಂದು ನನ್ನ ಮುಂದಿಟ್ಟ. ನಾನು ಒಂದೊಂದೇ ತಿರುವಿದೆ. ಬಹಳ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಒಂದರಲ್ಲಿ ಕೆಳಗೆ ಬರೆದಿದ್ದರು: "ಫಾರಂ ಕೊಟ್ಟ ಸೋದರ ಬಹಳ ಸಜ್ಜನರು. ದೇವರು ಒಳ್ಳೆಯದು ಮಾಡಲಿ."

"ಇವರಿಗೆಲ್ಲ ಕಣ್ಣಿಲ್ವಾ?" ಎಂದು ಕೂಗಿದೆ. "ಮೂರನೇ ಬೋಗಿಯ ಆ ವಕೀಲ ಇಲ್ಲೇ ನಿಂತು ಫೋನನ್ನ ಕಿಟಕಿಯಿಂದ ಎಸೀತೀನಿ ಅಂತ ಹಾರಾಡ್ತಿದ್ದ. ಅವನದೆಲ್ಲಿ?"

ಮರ್ಗಿ ಹುಡುಕಿ ಕೊಟ್ಟ. ಬಹಳ ಚೆನ್ನಾಗಿದೆ.

ನನಗೆ ತಲೆ ಚಿಟ್ಟು ಹಿಡಿಯಿತು. ಬೆನ್ನ ಹಿಂದೆ ಬೈಯುವುದರಲ್ಲಿ ಈ ಜನಕ್ಕೆ ಯಾರೂ ಸಾಟಿಯಿಲ್ಲ. ಶೌಚಾಲಯದ ಮುಂದೆ ಸಾಲಿನಲ್ಲಿ ನಿಂತು ಬೈಯುತ್ತಾರೆ, ಮನೆಗೆ ಫೋನ್ ಮಾಡಿ ಬೈಯುತ್ತಾರೆ, ಇಳಿಯುವಾಗ ಮೆಟ್ಟಿಲ ಮೇಲೆ ಬೈಯುತ್ತಾರೆ. ಎದುರಿಗೆ ಬೆವರು ಒರೆಸಿಕೊಳ್ಳುತ್ತ ಒಬ್ಬ ಮನುಷ್ಯ ನಿಂತನೋ, ಮುಗಿಯಿತು. ಸಂಕೋಚ! ಅದನ್ನು ಇವರು ಮರ್ಯಾದೆ ಎನ್ನುತ್ತಾರೆ. ನಾನು ಅದಕ್ಕೆ ಬೇರೆ ಹೆಸರಿಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ.

"ನಾಳೆ ಫಾರಂ ನಾನು ಕೊಡ್ತೀನಿ. ಸತ್ಯ ಹೇಗೆ ಹೊರಗೆ ಬರಲ್ಲ ನೋಡ್ತೀನಿ," ಎಂದೆ.

ಮರುದಿನ ಏಪ್ರನ್ ಬಿಚ್ಚಿಟ್ಟು ಹೊರಟೆ. ಪ್ರತಿ ಸೀಟಿನ ಮುಂದೆ ನಿಂತು ಕೇಳಿದೆ: "ವೈ-ಫೈ ಬಂತೋ ಇಲ್ವೋ? ಇದ್ದದ್ದು ಇದ್ದ ಹಾಗೆ ಬರೀರಿ!" ಜನ ಬೆಚ್ಚಿಬಿದ್ದು, ಪೆನ್ಸಿಲ್ ಕಿತ್ತುಕೊಂಡು, ಬಹಳ ಚೆನ್ನಾಗಿದೆ ಎಂದು ಗೀಚಿ ಕೈಗಿಟ್ಟರು. ಮರ್ಗಿ ಕೊಟ್ಟಾಗ ಒಂದು ನಿಮಿಷವಾದರೂ ಯೋಚಿಸುತ್ತಿದ್ದರು. ನಾನು ಕೊಟ್ಟಾಗ ಅದೂ ಇಲ್ಲ.

ಐದನೇ ಬೋಗಿಯಲ್ಲಿ ಬು ಸುಲಾರ್ಸಿ ಕೂತಿದ್ದರು. ಮದಿಯುನ್‌ನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ತಿಂಗಳಿಗೆರಡು ಸಲ ನಮ್ಮ ರೈಲಿನಲ್ಲೇ ಮಗಳ ಮನೆಗೆ ಹೋಗಿ ಬರುತ್ತಾರೆ. ಬೆಳಿಗ್ಗೆಯಷ್ಟೇ ನನ್ನ ಹತ್ತಿರ ಬಂದು "ಈ ವೈ-ಫೈಗಿಂತ ಪಾರಿವಾಳ ವಾಸಿ" ಎಂದು ಪಿಸುಗುಟ್ಟಿ ಹೋಗಿದ್ದರು. ಅವರ ಫಾರಂ ನೋಡಿದೆ. ಬಹಳ ಚೆನ್ನಾಗಿದೆ, ಕೆಳಗೆ ಗೆರೆ ಬೇರೆ ಎಳೆದಿದ್ದಾರೆ.

"ಏನ್ರಿ ಇದು, ಟೀಚರಮ್ಮ? ಬೆಳಿಗ್ಗೆ ಏನಂದ್ರಿ, ಈಗೇನು ಬರೆದ್ರಿ?"

ಅವರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ಆ ಹುಡುಗ ಪಾಪ, ಎಷ್ಟು ಒದ್ದಾಡ್ತಾನೆ. ಮನೇಲಿ ಹೆಂಡತಿ ಮಕ್ಕಳು ಇರ್ತಾರೆ. ನಾನು ಕೆಟ್ಟದು ಅಂತ ಬರೆದು ಅವನ ಅನ್ನಕ್ಕೆ ಕಲ್ಲು ಹಾಕಲಾ?"

"ನೀವು ಈಗ ಹಾಕ್ತಿರೋದೇ ಕಲ್ಲು!" ಎಂದು ನಾನು ಕಂಪನಿ, ಪರೀಕ್ಷೆ, ಕಾಲಿಮಂತಾನ್, ಟವರ್, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಕಣ್ಣು ದೊಡ್ಡದಾಯಿತು. "ಅಯ್ಯೋ ದೇವರೇ, ಹಾಗಾ? ಕೊಡಿ ಇಲ್ಲಿ, ಕೊಡಿ," ಎಂದು ಫಾರಂ ಕಸಿದುಕೊಂಡರು. ರಬ್ಬರಿನಿಂದ ಉಜ್ಜಿದರು. ಮತ್ತೆ ಗುರುತು ಹಾಕಿ, ಮಹಾ ಅಪರಾಧ ಮಾಡಿದವರಂತೆ ನನಗೆ ಕೊಟ್ಟರು.

ಚೆನ್ನಾಗಿದೆ.

"ಬಹಳ ತೆಗೆದುಬಿಟ್ಟೆ. ಅರ್ಥ ಆಗೋರಿಗೆ ಅಷ್ಟು ಸಾಕು," ಎಂದರು.

ಆ ಹೊತ್ತಿಗೆ ನನಗೆ ಖಾತ್ರಿಯಾಯಿತು. ಪ್ರಯಾಣಿಕರಿಂದ ಆಗುವ ಕೆಲಸವಲ್ಲ ಇದು, ಮರ್ಗಿಯೇ ಬಾಯಿ ಬಿಡಬೇಕು. ಮೂರು ತಿಂಗಳ ಕೊನೆಗೆ ಕಂಪನಿಯ ಹಿರಿಯ ಅಧಿಕಾರಿ ಪಾಕ್ ಪ್ರಜೊಕೊ ಸ್ವತಃ ನಮ್ಮ ರೈಲಿನಲ್ಲಿ ಬರುತ್ತಾರೆಂದು ಸುದ್ದಿ ಬಂದಿತ್ತು. ಒಂದು ವಾರ ಮರ್ಗಿಗೆ ತಾಲೀಮು ಕೊಟ್ಟೆ. ನಾನೇ ಅಧಿಕಾರಿ, ಕೈಯಲ್ಲಿ ಸೌಟು. ಅವನು ಎದುರಿಗೆ ನಿಂತು ಮೂರೇ ಮಾತು ಹೇಳಬೇಕು: ಪಾಕ್, ಈ ಪೆಟ್ಟಿಗೆ ಸಾಲುವುದಿಲ್ಲ. ಗುಡ್ಡದಲ್ಲಿ ಎರಡು ಗಂಟೆ ಏನೂ ನಡೆಯುವುದಿಲ್ಲ. ಇನ್ನೂ ನಾಲ್ಕು ಪೆಟ್ಟಿಗೆ ಬೇಕು.

"ಮಾಫ್ ಮಾಡಿ ಪಾಕ್, ತಮಗೆ ತೊಂದರೆ ಕೊಡ್ತಿದೀನೇನೋ..."

"ಮಾಫ್ ತೆಗಿ!"

"ಸರಿ. ಪಾಕ್, ನಂದೇ ತಪ್ಪಿರಬಹುದು, ಆದ್ರೂ..."

"ನಿಂದೇನು ತಪ್ಪು? ಗುಡ್ಡ ನೀನು ತಂದು ಇಟ್ಟೆಯಾ?"

ಆರನೇ ದಿನಕ್ಕೆ ಒಂದೇ ಒಂದು ಮಾಫ್‌ನೊಂದಿಗೆ ಮೂರೂ ಮಾತು ಹೇಳಿ ಮುಗಿಸಿದ. ನಾನು ಖುಷಿಗೆ ಅವನ ಬೆನ್ನಿಗೆ ಗುದ್ದಿದೆ. ಕುತೋಅರ್ಜೊದಲ್ಲಿ ರೈಲು ನಿಂತಾಗ ಅವನು ಬೇಲಿಯ ಹತ್ತಿರ ಓಡಿ ಹೋಗಿ ಸ್ರಿಯಾತಿಗೂ ಅದನ್ನೇ ಒಪ್ಪಿಸಿದ್ದು ಕಿಟಕಿಯಿಂದ ಕಂಡಿತು.

ಪಾಕ್ ಪ್ರಜೊಕೊ ಬಂದರು. ಗದರುವ ಮನುಷ್ಯ ಬರಲಿ ಎಂದು ನಾನು ಬೇಡಿಕೊಂಡಿದ್ದೆ. ಗದರಿದರೆ ಹೆದರಿಯಾದರೂ ಇವನು ನಿಜ ಕಕ್ಕುತ್ತಿದ್ದ. ಬಂದದ್ದು ಸೋಲೊ ಊರಿನ ಬಿಳಿಗೂದಲಿನ ಮೃದು ಮನುಷ್ಯ. ಬೆಲ್ಲದಂಥ ದನಿ. ನಾನು ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು "ಬು, ತುಂಬಾ ಉಪಕಾರ ಆಯ್ತು" ಎಂದಾಗಲೇ ಕೆಲಸ ಕೆಟ್ಟಿತು ಎಂದುಕೊಂಡೆ.

ಪುರ್ವೊಕೆರ್ತೊ ದಾಟಿತು. ರೈಲಿನಲ್ಲಿ ಕೂತ ತಮ್ಮ ಫೋಟೋ ಒಂದನ್ನು ಕಚೇರಿಗೆ ಕಳಿಸಲು ಅವರು ಫೋನ್ ತೆಗೆದರು. ಉಂಗುರ ತಿರುಗಿತು. ಸುರಂಗ ಬಂತು, ಹೋಯಿತು, ಉಂಗುರ ತಿರುಗುತ್ತಲೇ ಇತ್ತು. ಇನ್ನೊಂದು ಸುರಂಗವೂ ಹೋಯಿತು. ಅವರ ಚಹಾ ಆರಿತು. ಮರ್ಗಿ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ. ನಾನು ತಟ್ಟೆ ಒರೆಸುವ ನೆಪದಲ್ಲಿ ಅಲ್ಲೇ ಇದ್ದೆ. ಹೇಳು, ಈಗ ಹೇಳು, ದೇವರೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಾನೆ, ಎಂದು ಮನಸ್ಸಿನಲ್ಲೇ ಅರಚಿದೆ.

ಅಧಿಕಾರಿಯೇ ಮೊದಲು ಮಾತಾಡಿದರು. "ಇವತ್ತು ಜನ ಸ್ವಲ್ಪ ಜಾಸ್ತಿ ಅನ್ಸುತ್ತೆ, ಅಲ್ವಾ ಮಸ್ ಮರ್ಗಿ?"

"ಹೌದು ಪಾಕ್. ಸ್ವಲ್ಪ ಜಾಸ್ತಿ."

ಆ ಬೋಗಿಯಲ್ಲಿ ನಮ್ಮನ್ನೂ ಸೇರಿಸಿ ಒಂಬತ್ತು ಜನ ಇದ್ದೆವು.

ಪಾಕ್ ಪ್ರಜೊಕೊ ಫೋನನ್ನು ಜೇಬಿಗೆ ಹಾಕಿ ಫಾರಂಗಳ ಕಟ್ಟನ್ನು ಪ್ರೀತಿಯಿಂದ ಸವರಿದರು. "ನನ್ನ ಸರ್ವೀಸ್‌ನಲ್ಲಿ ಇಷ್ಟು ಒಳ್ಳೆ ಅಭಿಪ್ರಾಯ ಕಂಡಿಲ್ಲ. ಇದೆಲ್ಲ ನಿಮ್ಮ ಶ್ರಮ. ಆದ್ರೂ ಏನಾದ್ರೂ ಕೊರತೆ ಇದ್ರೆ ಮುಚ್ಚುಮರೆ ಬೇಡ, ಹೇಳಿ. ಅದಕ್ಕೇ ನಾನು ಬಂದಿರೋದು."

ಮರ್ಗಿ ಬಾಯಿ ತೆರೆದ. ಪಾಕ್ ಎಂದ. ಆ ಮುದುಕರು ತಲೆ ಸ್ವಲ್ಪ ಓರೆ ಮಾಡಿ, ಮಗನ ಮಾತು ಕೇಳುವವರಂತೆ ನಗುತ್ತ ಕಾದರು. ಇವನು ಬೆನ್ನು ಇನ್ನಷ್ಟು ಬಾಗಿಸಿದ.

"ಏನೂ ಇಲ್ಲ ಪಾಕ್. ಎಲ್ಲ ಸುಸೂತ್ರ."

ನಾನು ತಟ್ಟೆಯನ್ನು ಮೇಜಿಗೆ ಕುಕ್ಕಿದೆ. "ಸುಸೂತ್ರ ಅಂತೆ ಸುಸೂತ್ರ! ಪಾಕ್, ಅದು ಸತ್ತಿದೆ! ಮೂರು ತಿಂಗಳಿಂದ ಸತ್ತು ಬಿದ್ದಿದೆ! ನಿಮ್ಮ ಫೋಟೋ ಹೋಯ್ತಾ? ಎಲ್ಲಿ, ತೋರಿಸಿ ನೋಡೋಣ!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದಿದ್ದರೂ ಆಗುತ್ತಿತ್ತು. ಪಾಕ್ ಪ್ರಜೊಕೊ ಮನಸಾರೆ ನಕ್ಕರು. "ಬು ತಿಯುರ್ಮಾ ತೋಬಾ ಕಡೆಯವರಲ್ವಾ? ನಿಮ್ಮ ಕಡೆಯವರು ಪ್ರೀತಿಯಿಂದ ಮಾತಾಡಿದ್ರೂ ಜಗಳ ಆಡಿದ ಹಾಗೇ ಇರುತ್ತೆ. ನಂಗೆ ತುಂಬಾ ಇಷ್ಟ," ಎಂದರು. ಮರ್ಗಿಯೂ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಸತ್ಯ ಹೇಳಿ ವಿದೂಷಕಿಯಾದವಳು ನಾನೊಬ್ಬಳೇ ಇರಬೇಕು.

ಅವರು ಇಳಿದು ಹೋದ ಮೇಲೆ ಮರ್ಗಿಯ ಕಾಲರ್ ಹಿಡಿದು ಕೇಳಿದೆ. "ಯಾಕೋ? ಮೂರು ಮಾತು! ಆರು ದಿನ ಕಲ್ಸಿದೀನಿ!"

"ಅಷ್ಟು ವಯಸ್ಸಾದವರು ಬು. ಅಷ್ಟು ದೂರದಿಂದ ಬಂದಿದ್ರು. ಎಲ್ಲ ಚೆನ್ನಾಗಿದೆ ಅಂತ ಎಷ್ಟು ಸಂತೋಷವಾಗಿದ್ರು. ಮುಖದ ಮೇಲೆ ಹೇಗೆ ಹೇಳೋದು?"

ಎರಡು ವಾರಕ್ಕೆ ಪತ್ರ ಬಂತು. ಪ್ರಯಾಣಿಕರ ತೃಪ್ತಿ ಶೇಕಡಾ ತೊಂಬತ್ತಾರು. ಪೆಟ್ಟಿಗೆ ಇರುವ ಹಾಗೇ ಮುಂದುವರಿಯಲಿ, ಜೊತೆಗೆ ಸಿಬ್ಬಂದಿಯ ಅಗತ್ಯವಿಲ್ಲ. ಶ್ರೀ ಮರ್ಗಿಯೊನೊ ಅವರ ಶ್ಲಾಘನೀಯ ಸೇವೆಯನ್ನು ಗುರುತಿಸಿ ಅವರನ್ನು ಕಾಲಿಮಂತಾನ್‌ಗೆ ನೇಮಿಸಲಾಗಿದೆ. ಅವನು ಅದನ್ನು ಓದಿ, ನಾಲ್ಕಾಗಿ ಮಡಚಿ, ಇಸ್ತ್ರಿಯ ಅಂಗಿಯ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆಯನ್ನು ಕೊನೆಯ ಸಲ ಬಟ್ಟೆಯಿಂದ ಒರೆಸಿ ಕಪಾಟು ಮುಚ್ಚಿದ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಆ ದಿನ ಅವನಿಗೆ ಊಟ ಬಡಿಸಲಿಲ್ಲ. ಆ ತಪ್ಪು ಇವತ್ತಿಗೂ ನನ್ನ ಲೆಕ್ಕದಲ್ಲೇ ಇದೆ.

ಕುತೋಅರ್ಜೊದಲ್ಲಿ ಅವನು ಚೀಲ ಹೆಗಲಿಗೇರಿಸಿ ಇಳಿದ. ಸ್ಟೇಷನ್ ಮಾಸ್ತರರಿಗೆ, ಗಾರ್ಡಿಗೆ, ಕಸ ಗುಡಿಸುವವನಿಗೆ, ಎಲ್ಲರಿಗೂ ಬಾಗಿ ಬಾಗಿ ಹೇಳಿ ಹೋಗಲು ಆಚೆ ತುದಿಗೆ ನಡೆದ. ನಾನು ನೇರ ಬೇಲಿಯ ಹತ್ತಿರ ಹೋದೆ. ಸ್ರಿಯಾತಿ ಕಂಬಿ ಹಿಡಿದು ನಿಂತಿದ್ದಳು, ಏಪ್ರನ್ ಕಟ್ಟಿಕೊಂಡೇ ಓಡಿ ಬಂದಿದ್ದಳು.

"ಬು ತಿಯುರ್ಮಾ, ಒಂದು ಮಾತು ಕೇಳ್ಲಾ?" ಎಂದಳು. "ಇದು ದೊಡ್ಡ ಬಡ್ತಿ ಅಂತ ಹೇಳಿದಾರೆ ಇವರು. ಅಲ್ಲಿ ನೆಲದ ಮೇಲೇ ಆಫೀಸಿನಲ್ಲಿ ಕೂತು ಮಾಡೋ ಕೆಲಸವಂತೆ. ಟವರ್ ಹತ್ತೋರು ಬೇರೆಯವರಂತೆ. ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ, ಅದಕ್ಕೆ ಕೇಳ್ತಿದೀನಿ. ನಿಜಾನಾ?"

ಇಪ್ಪತ್ತೆರಡು ವರ್ಷ ಈ ದ್ವೀಪದ ಜನಕ್ಕೆ ನಿಜ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡವಳು ನಾನು. ಅವಳ ಬೆರಳುಗಳು ಕಂಬಿಯ ಮೇಲೆ ಬೆಳ್ಳಗಾಗಿದ್ದವು. ಹಿಂದಿನಿಂದ ಗಾರ್ಡ್ ಸೀಟಿ ಊದಿದ.

"ಹೌದಮ್ಮ," ಎಂದೆ. "ಆಫೀಸು, ಫ್ಯಾನು, ಕುರ್ಚಿ ಎಲ್ಲಾ ಇದೆ. ದೊಡ್ಡ ಬಡ್ತಿ."

ಸ್ರಿಯಾತಿ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು. ಆಮೇಲೆ ಇಲ್ಲಿನವರು ನಗುವ ಹಾಗೆ ಮೆಲ್ಲಗೆ ನಕ್ಕು, ಕಂಬಿಯ ಸಂದಿಯಿಂದ ಕೈ ತೂರಿಸಿ ನನ್ನ ಕೈ ಹಿಡಿದಳು.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಬು," ಎಂದಳು. "ನೀವು ಹೀಗೇ ಹೇಳಿದ್ರಿ ಅಂತ ಅವರಿಗೆ ಹೇಳ್ತೀನಿ. ಏಣಿ ಹತ್ತೋಕೆ ಅವರಿಗೆ ನಾನೇ ಕಲಿಸ್ಬೇಕು, ಇನ್ನು ಹತ್ತು ದಿನ ಇದೆ."